ವರ್ಜ್ಯ

ನನ್ನನ್ನು ಕರೆಸಿದ್ದು ಶ್ರುತಿ ಮಾಡಲು.
ಬ್ರ್ಯಾಡಕ್ಕಿನ ಹಳೇ ಬ್ಯಾಂಕು ಈಗ ಸ್ಟುಡಿಯೋ;
ತಿಜೋರಿಯ ಕೋಣೆಯಲ್ಲಿ ಡ್ರಮ್ಮು,
ನಗದು ಎಣಿಸುತ್ತಿದ್ದ ಕಿಟಕಿಯ ಹಿಂದೆ
ಮೈಕು, ವೈರು, ತಣ್ಣಗಾದ ಪಿಝಾ.
ಎಂಬತ್ತೆರಡರ ಮುದುಕ ನಾನು, ಚೀಲದಲ್ಲಿ
ಚಾವಿ, ಕವೆ, ಉಣ್ಣೆಯ ತುಂಡು.

ನಾಲ್ಕು ಜನ, ಯಾರೂ ಮೂವತ್ತು ದಾಟಿಲ್ಲ.
ಲೂಷಿಯಸ್ ಟ್ಯಾರಂಟನ ಹತ್ತು ರಚನೆಗಳು,
ಮೂರು ದಿನ, ಒಂದು ರೆಕಾರ್ಡು: ಅವನಿಗೆ ಕಾಣಿಕೆ.
ಬದುಕಿದ್ದಾಗ ಅವನದೊಂದು ರೆಕಾರ್ಡೂ ಬಂದಿರಲಿಲ್ಲ.
ಹಗಲು ಅಂಚೆಕಚೇರಿಯಲ್ಲಿ ಕಾಗದ ವಿಂಗಡಿಸಿ
ರಾತ್ರಿ ವೈಲಿ ಅವೆನ್ಯೂದ ವಾಯ್ಲೆಟ್ ರೂಮಿನಲ್ಲಿ
ಹದಿನಾಲ್ಕು ವರ್ಷ ನುಡಿಸಿದವನು,
ಸತ್ತು ನಲವತ್ತು ವರ್ಷಕ್ಕೆ
ಮಗಳ ಮನೆಯ ಟೋಪಿಡಬ್ಬಿಯಲ್ಲಿ ಸಿಕ್ಕ.

ಪಿಯಾನೋದ ಹುಡುಗಿ ಕೆಝಿಯಾ ಹೇಳಿದಳು:
"ಮೂವತ್ತೊಂದು ಟ್ಯೂನುಗಳಲ್ಲಿ ಎಲ್ಲೂ,
ಎಲ್ಲೂ ಈ ಒಂದು ಮನೆ ಮುಟ್ಟಿಲ್ಲ."
ಬೆರಳಿಟ್ಟು ತೋರಿಸಿದಳು. ನಡುವಿನ ಸಿ, ಅದರ ಮೇಲಿನ ಎಫ್.
ಹೊಸಿಲವರೆಗೂ ಬರುತ್ತಾನೆ,
ಒಂದು ಉಸಿರು ನಿಲ್ಲುತ್ತಾನೆ,
ಪಕ್ಕದ ಮನೆಯ ಬಾಗಿಲು ತಟ್ಟುತ್ತಾನೆ.
ವಿಶ್ವವಿದ್ಯಾಲಯದವರೊಬ್ಬರು ಹೊದಿಕೆಗೆ ಬರೆದಿದ್ದಾರೆ
ಎರಡು ಪುಟ: ಅದು ವರ್ಜ್ಯವಂತೆ, ಬೇಕೆಂದೇ ಬಿಟ್ಟದ್ದಂತೆ,
ದನಿಯಿಲ್ಲದವರಿಗಾಗಿ ಹಿಡಿದ ವ್ರತವಂತೆ.
ಅದನ್ನು ಗಟ್ಟಿಯಾಗಿ ಓದುವಾಗ
ಸ್ಯಾಕ್ಸೊಫೋನಿನ ಡೆಲ್ರಾಯ್ ಟೋಪಿ ತೆಗೆದ.

ನಾನು ಕವೆ ಬಡಿದು ಕಿವಿಗಿಟ್ಟುಕೊಂಡೆ,
ಯಾರೂ ಮಾತಾಡಿಸದಿರಲೆಂದು.

ಅರವತ್ತೆರಡನೇ ಇಸವಿ.
ವಾಯ್ಲೆಟ್ ರೂಮಿನ ಗೋಡೆ ಪಿಯಾನೋ, ಬಿಯರಿನಲ್ಲಿ ನೆಂದದ್ದು,
ಎಫ್‌ನ ಉಣ್ಣೆಸುತ್ತಿಗೆ ಕುತ್ತಿಗೆಯಲ್ಲಿ ಮುರಿದಿತ್ತು.
ಅರ್ಧ ಗಂಟೆಯ ಕೆಲಸ.
ಮಾಲೀಕ ಸ್ಪಿನೆಲಿ ಹಿಂದಿನ ಸಲದ
ಹನ್ನೊಂದು ಡಾಲರು ಇನ್ನೂ ಕೊಟ್ಟಿರಲಿಲ್ಲ.
ಹತ್ತೊಂಬತ್ತರ ಬಿಸಿ. ಕಾಸು ಬಿಚ್ಚು, ಆಮೇಲೆ ನೋಡೋಣ ಅಂದೆ;
ಮುರಿದ ತುಂಡನ್ನು ಮಾದರಿಗೆಂದು
ಜೇಬಿಗೆ ಹಾಕಿಕೊಂಡು ಬಂದೆ.

ಮಾರನೇ ತಿಂಗಳು ಟ್ರಾಮ್ ನಿಲ್ದಾಣದಲ್ಲಿ ಟ್ಯಾರಂಟ್ ಸಿಕ್ಕ,
ಅಂಚೆಯ ಕೋಟು, ಬೆರಳಿಗೆ ಮೊಹರಿನ ಮಸಿ.
"ಬರ್ತೀಯೇನಪ್ಪ?"
"ಬರ್ತೀನಿ."
ಅಷ್ಟೇ ಮಾತು. ಟ್ರಾಮ್ ಬಂತು.

ಆಮೇಲೆ ಸ್ಪಿನೆಲಿ ಸತ್ತ, ಮಿಲ್ಲುಗಳು ಮುಚ್ಚಿದವು,
ನನಗೆ ಮದುವೆ, ಮೂರು ಮಕ್ಕಳು,
ಚರ್ಚುಗಳ ಪಿಯಾನೋಗಳೇ ನೂರಿದ್ದವು.
ಮರೆತೆ ಎನ್ನಲಾರೆ.
ನೆನೆಯಲಿಲ್ಲ, ಅಷ್ಟೆ.

"ಮಿಸ್ಟರ್ ದೊಬ್ರಾನ್ಸ್ಕಿ, ಆ ಮನೆಯನ್ನು ಮೂಕ ಮಾಡಬಹುದೇ?
ಸೋಲೋ ನುಡಿಸುವಾಗ ಅಭ್ಯಾಸಕ್ಕೆ ಬಿದ್ದ ಬೆರಳು
ಅಲ್ಲಿಗೇ ಓಡುತ್ತೆ.
ಅವನಿಗೆ ಅವಮಾನ ಮಾಡಿದ ಹಾಗಾಗುತ್ತೆ."

ಅರ್ಧ ಗಂಟೆಯ ಕೆಲಸ.
ಸುತ್ತಿಗೆ ಬಿಚ್ಚಿ ಅಂಗಿಯ ಜೇಬಿಗಿಟ್ಟೆ.
ಅದೇ ಅಂಗಿ ಅಲ್ಲ. ಜೇಬು ಮಾತ್ರ ಎಡಗಡೆಯದೇ.

ಮೂರನೆಯ ರಾತ್ರಿ, ಏಳನೆಯ ರಚನೆ, ನಿಧಾನದ್ದು.
ಬ್ರಶ್ಶುಗಳು ಅಕ್ಕಿ ಕೇರಿದ ಹಾಗೆ.
ಕೆಝಿಯಾಳ ಬೆರಳು ಜಾರಿ ಮೂಕಮನೆಗೆ ಬಿತ್ತು:
ಟಕ್.
ಬರಿಯ ಮರದ ಸದ್ದು.
ಕಣ್ಣು ಮುಚ್ಚಿದ್ದ ಬಾಸಿನ ಓರಿನ್ ನಕ್ಕ. ನಿಲ್ಲಿಸಲಿಲ್ಲ.
ಕೇಳಿ ನೋಡಿ, ಇರಲಿ ಬಿಡು, ಚೆನ್ನಾಗಿದೆ ಎಂದರು.
ಇರುವುದೇನೋ ಸರಿ.
ಎಷ್ಟು ರಾತ್ರಿ ಅವನು ಹಾಗೆ ಬಡಿದಿರಬೇಕು,
ನಾನು ಬಂದು ಹೋಗಿದ್ದೇನೋ ಎಂದು ನೋಡಲು.

ಹೇಳಬೇಕಿತ್ತು ಆಗಲೇ.
ಬಾಯಿ ತೆರೆದೆ ಕೂಡ; ಯಾರೋ ಕಾಫಿ ತಂದುಕೊಟ್ಟರು.

ಎಲ್ಲರೂ ಹೋದ ಮೇಲೆ, ದೀಪ ಆರಿಸುವ ಹುಡುಗ
ಬೀಗದ ಕೈ ಕುಣಿಸುತ್ತ ಕಾಯುತ್ತಿದ್ದಾಗ,
ಸುತ್ತಿಗೆ ಮರಳಿ ಹಾಕಿದೆ, ತಿರುಪು ಬಿಗಿದೆ, ಒತ್ತಿದೆ.
ಎಫ್. ಕೂದಲೆಳೆಯ ದೋಷವಿಲ್ಲ.
ಅವನು ಉಸಿರು ನಿಲ್ಲಿಸುವ ಜಾಗದಲ್ಲಿ
ಅದನ್ನಿಟ್ಟು ಏಳನೆಯ ಟ್ಯೂನನ್ನು ಒಮ್ಮೆ
ಒಂದೇ ಕೈಯಲ್ಲಿ ನುಡಿಸಿದೆ.
ಎಲೆ ಎತ್ತಿದ ಮೇಲೆ ಬಂದ ನೆಂಟನ ಹಾಗೆ
ಬಾಗಿಲಲ್ಲೇ ನಿಂತಿತು ಸ್ವರ.

ಬಿಲ್ಲು ಬರೆದೆ: ಶ್ರುತಿಗೆ ನೂರ ಎಪ್ಪತ್ತು.
ಕೆಳಗೆ ಹನ್ನೊಂದು ಕಳೆದೆ.