ಹಾವಿಲ್ಲದ ದೇಶದಲ್ಲಿ

ಹನ್ನೊಂದು ವರ್ಷವಾಯಿತು ತಮಾಟಿ ಹಲ್ಲು ಕಟ್ಟಿಸಿಕೊಂಡು.
ದೀಪ ಆರಿದ ಮೇಲೆ ತೆಗೆಯುತ್ತಾನೆ,
ನಾನು ಕಣ್ಣು ಬಿಡುವ ಮೊದಲೇ ಹಾಕಿಕೊಂಡಿರುತ್ತಾನೆ.
ಕಟ್ಟಿಕೊಂಡ ಹೆಂಡತಿ ನಾನು,
ಒಂದು ದಿನವೂ ನೋಡಿಲ್ಲ ಅವನ ಬೊಚ್ಚುಬಾಯಿ.

ಮನೆಯಲ್ಲಾದರೆ ಸರಿ, ಬಚ್ಚಲಿದೆ, ಚಿಲಕವಿದೆ.
ಹೀಫಿ ನದಿ ಕಡಲು ಸೇರುವಲ್ಲಿ,
ಒಬ್ಬರು ಮಗ್ಗುಲಾದರೆ ಇನ್ನೊಬ್ಬರು ಹೊರಬೀಳುವ ಡೇರೆಯಲ್ಲಿ
ಎಲ್ಲಿ ಬಚ್ಚಿಡುತ್ತಾನೆ, ಪಾಪ?
ಎನಾಮಲ್ ಲೋಟಕ್ಕೆ ನೀರು ಹಾಕಿ
ಹಲ್ಲು ಮುಳುಗಿಸಿ
ಲೋಟ ಹಿಡಿಸುವಷ್ಟೇ ಜಿಪ್ಪು ಸರಿಸಿ
ಹೊರಗಿಟ್ಟ, ಬೂಟಿನ ಪಕ್ಕ.
ನಿದ್ದೆ ಬಂದವಳ ಹಾಗೆ ನಾನು ಗೊರಕೆ ಹೊಡೆದೆ.
ಅದೂ ಒಂದು ದಾಂಪತ್ಯ ಧರ್ಮ.

ಎಷ್ಟು ಹೊತ್ತೋ.
ಲೋಟ ಉರುಳಿತು, ಠಣ್.
ಆಮೇಲೆ ನನ್ನ ಗಂಡ,
ಮೂವತ್ತು ವರ್ಷ ಕಲ್ಲಿದ್ದಲ ರೈಲು ಓಡಿಸಿದ ಗಂಟಲಲ್ಲಿ:
"ಹಾವು! ಹಾವು! ಹಾವು ಹೋಯ್ತು!"

ಅವನು ಅಂದದ್ದು ಹಲ್ಲು.
ಹಲ್ಲಿಲ್ಲದೆ ಹಲ್ಲು ಅನ್ನುವುದು ಹೇಗೆ, ನೀವೇ ಹೇಳಿ.
ನಾಲಿಗೆ ಆನಿಕೊಳ್ಳಲು ಗೋಡೆಯೇ ಇಲ್ಲ.

ಡೇರೆಗಳೆಲ್ಲ ಎದ್ದವು.
ಎದ್ದವು ಅಂದರೆ ನಿಜವಾಗಿ ಎದ್ದವು:
ಫರ್ಗಸ್ ಜಿಪ್ಪು ಸಿಗದೆ ಡೇರೆ ಸಮೇತ ಎದ್ದು
ನಾಲ್ಕು ಹೆಜ್ಜೆ ನಡೆದು ನೀಕೌ ಮರಕ್ಕೆ ಡಿಕ್ಕಿ ಹೊಡೆದ.
ಡನೀಡನ್ನಿನ ಹುಡುಗರಿಬ್ಬರು
ಊಟದ ಮೇಜು ಹತ್ತಿ ತಬ್ಬಿಕೊಂಡು ನಿಂತರು,
ಸಂಜೆಯಷ್ಟೇ ಉಪ್ಪಿಗಾಗಿ ಮಾತು ಬಿಟ್ಟಿದ್ದರು.
ಕ್ವೀನ್ಸ್‌ಲ್ಯಾಂಡಿನ ನರ್ಸ್ ಬ್ರಾನ್ವಿನ್ ಮಾತ್ರ,
ಹಾವುಗಳ ನಡುವೆಯೇ ಹುಟ್ಟಿ ಬೆಳೆದವಳು,
ಬ್ಯಾಂಡೇಜು ಹಿಡಿದು ಬಂದು, "ಎಲ್ಲಿ ಕಚ್ಚಿತು?" ಎಂದು
ತಮಾಟಿಯ ಎಡಗಾಲನ್ನು
ಬೆರಳಿಂದ ತೊಡೆಯ ತನಕ ಬಿಗಿದೇ ಬಿಟ್ಟಳು.
"ಹಾವಮ್ಮಾ, ಹಾವು!" ಅವನು ಬಾಯಿ ತೋರಿಸುತ್ತಾನೆ.
"ಬಾಯಿಗೇ ಕಚ್ಚಿತೇ!" ಅವಳು ಇನ್ನೊಂದು ಸುರುಳಿ ಬಿಚ್ಚುತ್ತಾಳೆ.

ಅಷ್ಟರಲ್ಲಿ ತಂಗುಮನೆಯ ಹಿನೆವೈ ರಗ್ಗು ಹೊದ್ದು ಬಂದಳು.
ಆಕಳಿಸಿದಳು.
"ಈ ದೇಶದಲ್ಲಿ ಹಾವಿಲ್ಲ," ಅಂದಳು.
"ಹಿಂದೆಯೂ ಇರಲಿಲ್ಲ. ನಿಮಗೋಸ್ಕರ ಈ ರಾತ್ರಿ ಬರುವುದೂ ಇಲ್ಲ."

ಸುಮ್ಮನಾದೆವು. ಗದ್ದಲ ಕಡಲಿನದು ಮಾತ್ರ.
ಆಗ ಜರಿಗಿಡದ ಮರೆಯಿಂದ,
ನೆಲದಿಂದ ಒಂದು ಗೇಣು ಎತ್ತರದಲ್ಲಿ,
ಮೇಲಿನ ಸಾಲು ಪೂರ್ತಿ, ಗುಲಾಬಿ ಒಸಡು ಸಹಿತ
ಹೊರಬಂತು ಒಂದು ನಗು.
ಹಿಂದೆಯೇ ಕಂದು ಗರಿ, ಕೆಂಗಣ್ಣು:
ವೆಕಾ. ಹಾರಲು ಬಾರದು, ಕದಿಯಲು ಬರುತ್ತದೆ.
ಕೋಟ್ಯಂತರ ವರ್ಷ ಹಲ್ಲಿಲ್ಲದೆ ಕಾದ ಕುಲ
ಕೊನೆಗೂ ಒಂದು ಸೆಟ್ಟು ಗಿಟ್ಟಿಸಿಕೊಂಡು
ಕಡಲೆ ಎಲ್ಲಿ ಅಂತ ಹುಡುಕುತ್ತಿತ್ತು.

"ಹಾವು!" ತಮಾಟಿ ನುಗ್ಗಿದ,
ಎಡಗಾಲು ಮಡಚಲಾಗದೆ ಕುಂಟಾಬಿಲ್ಲೆಯ ಕುಪ್ಪಳಿಕೆಯಲ್ಲಿ.
ಹಕ್ಕಿ ನಗುತ್ತಲೇ ಇತ್ತು.
ಇನ್ನೇನು ಮಾಡೀತು, ಬಾಯಲ್ಲಿದ್ದದ್ದೇ ಅದು.

"ಅಟ್ಟಿದರೆ ಕೊಡದು, ವ್ಯಾಪಾರಕ್ಕೆ ಇಳಿಯಬೇಕು," ಹಿನೆವೈ ಅಂದಳು.
ಫರ್ಗಸ್ ಡೇರೆಯೊಳಗಿಂದಲೇ ಬಿಸ್ಕತ್ತು ಚಾಚಿದ. ಬೇಡ.
ಹುಡುಗರು ಉಪ್ಪಿನ ಡಬ್ಬಿ ಅಲ್ಲಾಡಿಸಿದರು. ಛೀ.
ನಾನು ನನ್ನ ಚಮಚವನ್ನು ಬೆಳಕಿಗೆ ಹಿಡಿದು
ತಿರುಗಿಸಿದೆ, ತಿರುಗಿಸಿದೆ, ಅಕ್ಕಸಾಲಿಗಳ ಹಾಗೆ.
ಕತ್ತು ಓರೆ ಮಾಡಿತು. ಯೋಚಿಸಿತು.
ಹಲ್ಲು ಬಿಟ್ಟು, ಚಮಚ ಕಚ್ಚಿ, ಕತ್ತಲಾಯಿತು.

ಟಾರ್ಚು ಅವನ ಮುಖಕ್ಕೆ ಬಿತ್ತು,
ಬೇಕೆಂದು ಬಿಟ್ಟದ್ದಲ್ಲ.
ಕೆನ್ನೆ ಒಳಸೇರಿ, ತುಟಿ ಮಡಚಿಕೊಂಡು…
ಅವನಮ್ಮ ಚಹಾದಲ್ಲಿ ಬ್ರೆಡ್ಡು ಅದ್ದುವಾಗ ಹೀಗೇ ಇದ್ದಳು.
"ಇಷ್ಟೇನಾ, ಮಾರಾಯ?" ಅಂದೆ.
ನಕ್ಕುಬಿಟ್ಟ, ಕೈ ಅಡ್ಡ ಹಿಡಿಯುವುದು ಮರೆತು.

ಬೆಳಿಗ್ಗೆ ಹಲ್ಲನ್ನು ಬಿಸಿನೀರಿಗೆ ಹಾಕಿದೆವು.
ಕುದಿಸಬೇಡಿ, ಸೊಟ್ಟಗಾದೀತು ಅಂದಿದ್ದಳು ನರ್ಸು.
ಇದ್ದದ್ದು ಒಂದೇ ಪಾತ್ರೆ.
ಗಂಜಿಯನ್ನು ನಾನು ಡೇರೆಯ ಗೂಟದಲ್ಲಿ ಬಳಿದು ತಿಂದೆ.
ಆಮೇಲೆ ಅದೇ ಪಾತ್ರೆಯಲ್ಲಿ ಎಲ್ಲರಿಗೂ ಚಹಾ.
ಹಣೆಯ ಬೋರೆ ಸವರಿಕೊಳ್ಳುತ್ತ ಫರ್ಗಸ್
ಎರಡನೇ ಸಲ ಕೇಳಿ ಹಾಕಿಸಿಕೊಂಡ.
ಇವತ್ತು ಏನೋ ಖಡಕ್ಕಾಗಿದೆ ಅಂದ.