ಮೂವತ್ತೊಂದನೇ ಗಾಜು

ವಾಲ್ಪಾರೈಸೊ. ರಾತ್ರಿ ಒಂಬತ್ತೂವರೆ.
ಕೆಳಗೆ ಬಂದರು, ಕ್ರೇನುಗಳ ಕೆಂಪುಗಣ್ಣು.
ಮೇಲೆ, ಕಿಟಕಿ ಮುಚ್ಚಿದ ಕೋಣೆಯಲ್ಲಿ
ಸೂಕ್ಷ್ಮದರ್ಶಕಕ್ಕೆ ಹಣೆ ಹಚ್ಚಿ ಕೂತ ನೋಲ್ಫಾ
ಎಣಿಸುತ್ತಾಳೆ ಹಸಿರು ಚುಕ್ಕಿಗಳನ್ನು.
ನಾನು ಬರೆದುಕೊಳ್ಳುತ್ತೇನೆ:
ಏಳು. ಹನ್ನೊಂದು. ಒಂಬತ್ತು.

ಚುಕ್ಕಿಯೆಂದರೆ ಗಾಯವೇ? ಕೇಳಿದ್ದೆ ಮೊದಲ ದಿನ.
ಅಲ್ಲವೇ ಹುಡುಗಿ,
ಗಾಯದ ಸುದ್ದಿ ಕೇಳಿ ಓಡಿಬಂದವರು.

ಎರಡೆಳೆಯೂ ಕಡಿದುಹೋದಾಗ
ಕೂಡಲೇ ಹೊಲಿಯುವುದಿಲ್ಲ ಕೋಶ;
ತುಂಡಾದ ತುದಿಯನ್ನು ತಾನೇ ಇನ್ನಷ್ಟು ಮೆಲ್ಲುತ್ತದೆ
ಒಂಟಿ ಎಳೆಯೊಂದು ಬತ್ತಲೆ ಹೊರಬೀಳುವವರೆಗೆ.
ಆಮೇಲೆ ಅದಕ್ಕೆ ಪ್ರೋಟೀನಿನ ಅಂಗಿ ತೊಡಿಸಿ
ಹೋಗು, ಹುಡುಕು ಎಂದು ಬಿಟ್ಟುಬಿಡುತ್ತದೆ
ಕೋಟಿ ಕೋಟಿ ಅಕ್ಷರಗಳ ಗದ್ದಲದೊಳಕ್ಕೆ.
ಇದಲ್ಲ. ಇದಲ್ಲ. ಇದೂ ಅಲ್ಲ.
ಎಂಟಕ್ಷರ ಹೊಂದಿದರೆ ಚೂರು ತಡೆಯುತ್ತದೆ,
ಒಂಬತ್ತನೆಯದು ತಪ್ಪಿದರೆ ಮುಂದಕ್ಕೆ.
ಕೊನೆಗೊಮ್ಮೆ ಸಿಗುತ್ತಾಳೆ
ಇಷ್ಟು ಹೊತ್ತೂ ಪಕ್ಕದಲ್ಲೇ ನಿಂತಿದ್ದ ಒಡಹುಟ್ಟಿದವಳು.
ಅವಳ ಜೋಡಿಯೆಳೆಯ ನಡುವೆ ತಲೆ ತೂರಿಸಿ
ಕಳೆದುಹೋದ ಮಾತನ್ನು ಓದಿ, ಬರೆದುಕೊಂಡು
ಸದ್ದಿಲ್ಲದೆ ವಾಪಸ್ಸು.
ಒಡೆದುದಕ್ಕೆ ಒಡಹುಟ್ಟೇ ಮದ್ದು.

ಮೊಟ್ಟೆ ಕಟ್ಟುವಾಗ ಮಾತ್ರ ಬೇಕೆಂದೇ ಕಡಿದುಕೊಳ್ಳುತ್ತದೆ,
ಅಮ್ಮ ಕೊಟ್ಟದ್ದನ್ನು ಅಪ್ಪ ಕೊಟ್ಟದ್ದರ ಜೊತೆ
ಅದಲುಬದಲು ಮಾಡಲು.
"ನನ್ನ ಮಗ ಎಲಾದಿಯೊ," ಗಾಜು ಬದಲಿಸುತ್ತ ನೋಲ್ಫಾ,
"ಅವನ ಒಂದೇ ಎಳೆಯಲ್ಲಿ ಅರ್ಧ ನನ್ನಪ್ಪ, ಅರ್ಧ ನನ್ನಮ್ಮ.
ಬದುಕಿದ್ದಾಗ ಒಂದು ಬೆಂಚಿನಲ್ಲಿ ಕೂತವರಲ್ಲ."

ಮೂವತ್ತೊಂದನೇ ಗಾಜು.
ಸೊನ್ನೆ.
ಪಕ್ಕದ ಕೋಶ, ಸೊನ್ನೆ. ಅದರಾಚೆಯದೂ.
ಬರೀ ನೀಲಿ, ಕರೆಂಟು ಹೋದ ಬೆಟ್ಟದ ಹಾಗೆ.
ನನ್ನ ಪೆನ್ನು ನಿಂತಿತು. ಯಾರ ಅಕ್ಕನೋ, ಯಾರ ತಾಯಿಯೋ;
ಗಾಜಿನ ಮೇಲೆ ಹೆಸರಿಲ್ಲ, ಸಂಖ್ಯೆ ಅಷ್ಟೆ.

"ಅಯ್ಯೋ ಅನ್ನಬೇಡ," ಅಂದಳು ಕಣ್ಣು ತೆಗೆಯದೆ.
"ಇದು ಅವಳಲ್ಲ, ಅವಳೊಳಗಿನ ಗಡ್ಡೆ.
ರಿಪೇರಿ ಮರೆತು ಬೆಳೆದದ್ದು.
ಮಾತ್ರೆ ಶುರುವಾದರೆ ಎಳೆ ಎಳೆ ಕಡಿಯುತ್ತದೆ,
ಕೂಡಿಸಲು ಇದಕ್ಕೆ ಬಾರದು.
ಅವಳ ಉಳಿದ ಮೈಯಲ್ಲಿ
ಆ ವಿದ್ಯೆಯ ಒಂದು ಪ್ರತಿ ಇನ್ನೂ ನೆಟ್ಟಗಿದೆ.
ಬರೆ, ಸೊನ್ನೆ. ದುಂಡಗೆ ಬರೆ."

ದುಂಡಗೆ ಬರೆದೆ.

ಬೆಟ್ಟದ ಲಿಫ್ಟು ನಿಂತಿತ್ತು ಅಷ್ಟೊತ್ತಿಗೆ.
ಇನ್ನೂರ ಹನ್ನೆರಡು ಮೆಟ್ಟಿಲು.
ಮಂಡಿ ಹಿಡಿದು ಅವಳು ನಿಂತಲ್ಲೆಲ್ಲ ನಾನೂ ನಿಂತೆ.
ಎದುರು ಬೆಟ್ಟದ ತುಂಬ ದೀಪ.
ಇಬ್ಬರೂ ಎಣಿಸಲಿಲ್ಲ.
ಅಂಗಡಿ ಮುಚ್ಚುವ ಮೊದಲು ಬ್ರೆಡ್ಡು ಕೊಳ್ಳಬೇಕಿತ್ತು.