ಹದಿನೇಳನೇ ವಾರ್ಡಿನ ಮೀಟರು ಓದುತ್ತ

ಕಾರವಾರ ನಗರಸಭೆ ಕೊಟ್ಟ ಪುಸ್ತಕದಲ್ಲಿ
ಈ ಊರಿಗೆ ಹೆಸರಿಲ್ಲ. ಅಡ್ಡರಸ್ತೆ ಒಂದು, ಎರಡು,
ಮೂರರ ಆಚೆ ಸೀದಾ ಐದು.
ನಾಲ್ಕನೆಯದೆಲ್ಲಿ ಎಂದರೆ ಎಂಜಿನಿಯರು ನಕ್ಕರು:
ನಕ್ಷೆಯಲ್ಲಿದೆ ಮಾರಾಯ, ನೆಲದ ಮೇಲಿಲ್ಲ.

ನೆಲದ ಮೇಲೆ ಅಲ್ಲಿ ಕೋಡಿ ಇತ್ತು.
ಹುಳಸೆಗಜನಿಯ ಕೋಡಿ.
ಕಾಳಿಹೊಳೆ ಉಬ್ಬಿದರೆ ಜಂತ್ರದ ಹಲಗೆ ಇಳಿಸುವುದು,
ಇಳಿದರೆ ಎತ್ತುವುದು,
ಹಗಲೆರಡು ಸಲ, ಇರುಳೆರಡು ಸಲ,
ಹನಮು ಗೌಡನ ಕೆಲಸ. ಗಡಿಯಾರವಿಲ್ಲ.
ಚಂದ್ರನ ನೋಡಿ ಎಂಜಲುಗೈಯಲ್ಲೇ ಎದ್ದು ಓಡುತ್ತಿದ್ದನಂತೆ.
ಕೂಲಿ: ಗದ್ದೆಗೆ ಎರಡು ಕೊಳಗ ಕಗ್ಗ,
ಬಲೆಗೆ ಬಿದ್ದಷ್ಟು ಸೆಟ್ಲಿ.

ಕಗ್ಗ ಗೊತ್ತಲ್ಲ?
ಉಪ್ಪು ಕುಡಿದು ಆಳೆತ್ತರ ಏಳುವ ಭತ್ತ. ಕೆಂಪಕ್ಕಿ.
ನೆರೆ ಬಂದರೆ ಕುತ್ತಿಗೆ ಎತ್ತಿ ನಿಲ್ಲುತ್ತಿತ್ತು.
ಅದರ ಗಂಜಿ ಉಂಡವರಿಗೆ ಹೊತ್ತು ನೆತ್ತಿಗೆ ಬಂದರೂ ಹಸಿವಿಲ್ಲ,
ಇದು ಮಂಕಾಳಿಯ ಮಾತು. ಹನಮು ಗೌಡನ ಸೊಸೆ.
ಮನೆ ನಂಬರು ಐವತ್ತೆರಡು ಬಾರ್ ಎ,
ಬಾಕಿ ನೂರಾ ಹತ್ತು ರೂಪಾಯಿ.

ಸೇತುವೆ ಬಂತು. ಆಮೇಲೆ ನೌಕಾನೆಲೆ.
ಆಮೇಲೆ ಬಾಡಿಗೆ ಮನೆ ಕೇಳಿಕೊಂಡು ಬಂದವರು.
ಗುಡ್ಡ ಲಾರಿ ಹತ್ತಿ ಬಂದು
ಗಜನಿಯಲ್ಲಿ ಮಲಗಿತು.
ಯಾರೂ ಯಾರನ್ನೂ ದಬ್ಬಲಿಲ್ಲ. ಗುಂಟೆಗೆ ಇಷ್ಟು ಎಂದರು,
ನಮ್ಮವರೇ ಅಂಗಳಕ್ಕೆ ಕುರ್ಚಿ ತಂದು ಹಾಕಿದರು.
ಅಪ್ಪನೂ ಹಾಕಿದ. ಆ ದುಡ್ಡಿನದೇ
ನನ್ನ ಐಟಿಐ, ಈ ನೌಕರಿ,
ಕಂಕುಳಲ್ಲಿರುವ ಈ ಪುಸ್ತಕ.

ಮೊನ್ನೆ ನೂಲಹುಣ್ಣಿಮೆಯ ಮಧ್ಯಾಹ್ನ
ಐದನೇ ಅಡ್ಡರಸ್ತೆಯ ಅಪಾರ್ಟ್‌ಮೆಂಟಿನ ತಳದಲ್ಲಿ
ಮೊಳಕಾಲುದ್ದ ನೀರು.
ಒಬ್ಬರು ಬೆರಳದ್ದಿ ನೆಕ್ಕಿ ಹೇಳಿದರು: ಉಪ್ಪು.
ಪಂಪು ಹಚ್ಚಿದರು. ಎಳೆದಷ್ಟೂ ಬಂತು.

ಮಂಕಾಳಿಯನ್ನು ಕರೆದದ್ದು ನಾನೇ.
ಜಿಮ್ಮು ದಾಟಿ, ಎಟಿಎಂ ದಾಟಿ
ಬರಿಗಾಲಲ್ಲಿ, ಕಾಲಿಗೇ ನೆನಪಿದ್ದ ಹಾಗೆ ಬಂದು
ಫುಟ್‌ಪಾತಿಗೆ ಕೊಡೆಯ ತುದಿ ಕುಟ್ಟಿದಳು:
"ಇಲ್ಲಿ ಒಡೀರಿ."

ಕಾಂಕ್ರೀಟಿನಡಿ ಚಿರೆಕಲ್ಲಿನ ಎರಡು ಕೆನ್ನೆ,
ಹಲಗೆ ಸವೆಸಿದ ಗಾಡಿ ಇನ್ನೂ ನುಣುಪು.
ಹೊತ್ತು ಮುಳುಗುವುದರೊಳಗೆ ನೀರು
ಯಾರೂ ದಾರಿ ತೋರಿಸದೆ ಹೊಳೆಗೆ ಹೋಯಿತು.

ಚಪ್ಪಾಳೆ, ಚಹಾ. ಎಂಜಿನಿಯರು ಸೆಂಟ್ರಿಂಗಿನ ಪ್ಲೈವುಡ್ಡೊಂದು ತರಿಸಿದರು.
ಮಂಕಾಳಿ ಲೋಟ ಕೆಳಗಿಟ್ಟು ಕೇಳಿದಳು:
"ನಡುರಾತ್ರಿ ಮತ್ತೆ ಭರತ. ಇಳಿಸೋರು ಯಾರು?"

ಎಲ್ಲರೂ ಕೈಗಡಿಯಾರ ನೋಡಿಕೊಂಡರು.
ನಾನು ಮೇಲೆ ನೋಡಿದೆ.
ಮೋಡ.